ಚೆಂಡಿಗೆ ಮೊದಲು ನೆಲ

ನನ್ನ ತಮ್ಮ ಮೈರನ್ ಹೋದ ವರ್ಷ ಎರಡು ಸಲ ಗಾಲ್ಫ್ ಪರೀಕ್ಷೆಗೆ ಹೋಗಿ ಎರಡು ಸಲವೂ ಫೇಲಾಗಿ ಬಂದಿದ್ದ. ಒಂದೇ ದಿನದಲ್ಲಿ ಎರಡು ಸುತ್ತು ಆಡಬೇಕು, ಗೊತ್ತುಮಾಡಿದಷ್ಟು ಹೊಡೆತಗಳ ಒಳಗೆ ಮುಗಿಸಬೇಕು. ಅಷ್ಟಾದರೆ ಕ್ಲಬ್ಬಿನಲ್ಲಿ ಕೋಚ್ ಆಗುವ ಅರ್ಹತೆ ಸಿಗುತ್ತದೆ. ನಮ್ಮೂರಿನ ಕ್ಲಬ್ಬಿನ ಅಂಗಡಿಯಲ್ಲಿ ಅವನು ಬಹಳ ವರ್ಷಗಳಿಂದ ಗಾಲ್ಫ್ ಕೋಲು ಮಾರುತ್ತ, ಆಟಗಾರರ ಗಾಡಿ ತೊಳೆಯುತ್ತ ಇದ್ದ. ಹಳೆಯ ಕೋಚ್ ನಿವೃತ್ತರಾದಾಗ ಆ ಜಾಗ ಮೈರನ್‌ಗೇ ಎಂದು ಕಾರ್ಯದರ್ಶಿ ಫ್ರೀಸನ್ ಅಮ್ಮ ಹೇಳಿದ್ದರು, ಆದರೆ ಮೇ ತಿಂಗಳ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ. ಇಲ್ಲವಾದರೆ ರೆಜೈನಾ ನಗರದಿಂದ ಯಾರೋ ಒಬ್ಬ ಬರುವವನಿದ್ದ.

ಮೈರನ್ ಇಪ್ಪತ್ತೇಳನೇ ವಯಸ್ಸಿನವರೆಗೆ ಐಸ್ ಹಾಕಿ ಆಡಿದವನು, ಐಸಿನ ಮೇಲೆ ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನು ಹೊಡೆಯುವ ಆಟ. ಸಣ್ಣಪುಟ್ಟ ಊರುಗಳ ತಂಡಗಳಲ್ಲಿ, ಬಸ್ಸಿನಲ್ಲೇ ಮಲಗಿ, ಬಸ್ಸಿನಲ್ಲೇ ಉಂಡು. ಎಡ ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಬಂದ. ಗಾಲ್ಫ್ ಬಿಟ್ಟರೆ ಅವನಿಗೆ ಬೇರೇನೂ ಬರುವುದಿಲ್ಲ. ಇದು ಅವನ ಮಾತೇ.

ಊರಿನವರೆಲ್ಲ ಅವನ ಸೋಲಿಗೆ ಒಂದೇ ಕಾರಣ ಕೊಡುತ್ತಿದ್ದರು: ಹೆದರಿಕೆ. ನಮ್ಮೂರಿನ ಮೈದಾನದಲ್ಲಿ ಅವನನ್ನು ಸೋಲಿಸುವವರಿಲ್ಲ. ಪರೀಕ್ಷೆ ನಡೆಯುವ ಸಾಸ್ಕಟೂನ್ ನಗರದ ಹತ್ತಿರದ ದೊಡ್ಡ ಮೈದಾನಕ್ಕೆ ಹೋದರೆ ಮಾತ್ರ ಕೈ ನಡುಗುತ್ತದೆ ಎನ್ನುತ್ತಿದ್ದರು. ನಾನೂ ಹಾಗೆಯೇ ನಂಬಿದ್ದೆ. ನಾನು ವಿಶ್ವವಿದ್ಯಾಲಯದಲ್ಲಿ ದೇಹದ ಚಲನೆಯ ಬಗ್ಗೆ ಓದಿದವಳು. ಚಳಿಗಾಲದ ತಿಂಗಳುಗಳಲ್ಲಿ ವರ್ನ್ ಎಂಬ ಮುದುಕರ ಶೆಡ್ಡಿನಲ್ಲಿ ಗಾಲ್ಫ್ ಹೇಳಿಕೊಡುತ್ತೇನೆ. ಹಿಂದೆ ಅಲ್ಲಿ ಐಸಿನ ಮೇಲೆ ಭಾರದ ಕಲ್ಲು ಜಾರಿಸುವ ಕರ್ಲಿಂಗ್ ಆಡುತ್ತಿದ್ದರು. ಈಗ ಹಸಿರು ಮ್ಯಾಟುಗಳು, ಎದುರಿಗೆ ಬಲೆ, ತಲೆಯ ಮೇಲೆ ಹೊಳ್ಳೆ ಅಗಲಿಸಿ ಉಸಿರು ಬಿಡುವ ಗ್ಯಾಸ್ ಹೀಟರುಗಳು. ಹೊರಗೆ ಮೈನಸ್ ಮೂವತ್ತು ಇದ್ದಾಗ ಒಳಗೆ ಅವುಗಳ ಮೊರೆತದಲ್ಲಿ ಮಾತಾಡಬೇಕೆಂದರೆ ಕೂಗಬೇಕು.

ಮೈರನ್ ನನ್ನ ಹತ್ತಿರ ಕಲಿಯಲು ಬಂದದ್ದು ಈ ಚಳಿಗಾಲದಲ್ಲೇ. ಅದಕ್ಕೆ ಮುಂಚೆ ಕೇಳಿರಲಿಲ್ಲ, ನಾನೂ ಕರೆದಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವ ರೂಢಿ ಇಲ್ಲ. ಅಪ್ಪ ಊಟದ ಮೇಜಿನಲ್ಲಿ ಉಪ್ಪು ಬೇಕಾದರೂ ಕೇಳುತ್ತಿರಲಿಲ್ಲ, ಉಪ್ಪಿನ ಕಡೆ ನೋಡುತ್ತಿದ್ದರು.

ಅವನು ಹೊಡೆಯುತ್ತಿದ್ದ, ನಾನು ಎದುರಿನಿಂದ ಒಂದು, ಪಕ್ಕದಿಂದ ಒಂದು ವಿಡಿಯೋ ತೆಗೆಯುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಅವನ ಬೆನ್ನಿನ ಮೇಲೆ ಒಂದು ಗೆರೆ, ಸೊಂಟದ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ.

“ಇಲ್ಲಿ ನೋಡು, ಭುಜ ತಿರುಗೋಕೆ ಮುಂಚೆ ಕೈ ಓಡಿಹೋಗ್ತಿದೆ.”

“ಪ್ರೊಫೆಸರಮ್ಮ, ನನ್ನ ಮೈ ಮೇಲೆ ಇನ್ನೆಷ್ಟು ಗೆರೆ ಎಳೀತೀಯ? ಬಸ್ಸಿನ ರೂಟ್ ಮ್ಯಾಪ್ ಥರ ಕಾಣ್ತಿದೀನಿ.”

“ಸುಮ್ನೆ ಇನ್ನೊಂದು ಹೊಡಿ.”

“ಹೊಡೀಬೇಕೋ ಸುಮ್ನಿರಬೇಕೋ, ಒಂದು ಹೇಳೇ.”

ವರ್ನ್ ದೂರದಿಂದಲೇ ಕೂಗುತ್ತಿದ್ದರು: “ಹಾಲ್ಯ, ಮೈರನ್, ಅಕ್ಕ ತಮ್ಮ ಜಗಳ ಆಡೋದಾದ್ರೆ ಹೊರಗೆ ಹೋಗ್ರಪ್ಪ, ನನ್ನ ಗ್ಯಾಸ್ ಉಳಿಯುತ್ತೆ!”

ಜನವರಿಗೆ ಕೈಗಳ ಅವಸರ ಹೋಯಿತು. ಮಾರ್ಚ್ ಹೊತ್ತಿಗೆ ಸೊಂಟ ತಿರುಗುವುದು ಸರಿಯಾಯಿತು. ಚೆಂಡಿನ ವೇಗ ಅಳೆಯುವ ಯಂತ್ರ ಒಳ್ಳೆಯ ಅಂಕಿಗಳನ್ನೇ ತೋರಿಸುತ್ತಿತ್ತು. ಅವನು ಕೋಲು ಬೀಸುವ ಸ್ವಿಂಗ್ ನೋಡಲು ಚೆಂದವಾಗಿತ್ತು. ನನಗೆ ಒಳಗೊಳಗೇ ಹೆಮ್ಮೆ. ಇನ್ನು ಹೆದರಿಕೆಯೊಂದು ಬಿಟ್ಟರೆ ಸಾಕು ಎಂದುಕೊಂಡೆ.

ಏಪ್ರಿಲ್ ಕೊನೆಯಲ್ಲಿ ಹಿಮ ಕರಗಿತು. ಒಂದು ಬೆಳಿಗ್ಗೆ ನಾವು ಹೋದಾಗ ವರ್ನ್ ಏಣಿ ಹತ್ತಿ ಹೀಟರುಗಳನ್ನು ಆರಿಸುತ್ತಿದ್ದರು.

“ಇನ್ನು ಅಕ್ಟೋಬರ್‌ವರೆಗೂ ಇವಕ್ಕೆ ರಜ. ಚಳಿ ಆದ್ರೆ ಜೋರಾಗಿ ಹೊಡೀರಿ.”

ಅಷ್ಟು ತಿಂಗಳ ಮೊರೆತ ನಿಂತಾಗ ಶೆಡ್ಡು ಬೇರೆಯೇ ಜಾಗವಾಯಿತು. ತಗಡಿನ ಮೇಲೆ ಗುಬ್ಬಿ ನಡೆಯುವುದೂ ಕೇಳಿಸುತ್ತಿತ್ತು. ಮೈರನ್ ಚೀಲದಿಂದ ಕಬ್ಬಿಣದ ಕೋಲೊಂದನ್ನು ಎಳೆದು ಮ್ಯಾಟಿನ ಮೇಲಿನ ಚೆಂಡಿಗೆ ಹೊಡೆದ. ನಾನು ಲ್ಯಾಪ್‌ಟಾಪ್ ಇನ್ನೂ ತೆರೆದಿರಲಿಲ್ಲ. ಬೆನ್ನು ಹಾಕಿ ನಿಂತಿದ್ದೆ.

ಎರಡು ಸದ್ದು ಕೇಳಿಸಿತು. ಮೊದಲು ಒಂದು ಮಂದವಾದ ದಬ್. ಅದಕ್ಕೆ ಅಂಟಿಕೊಂಡಂತೆ ಒಂದು ಟಕ್.

“ಇನ್ನೊಂದು ಹೊಡಿ,” ಎಂದೆ, ತಿರುಗದೆ.

ದಬ್, ಟಕ್.

“ಇನ್ನೊಂದು.”

“ಏನಾಯ್ತೇ? ಮುಖ ತಿರುಗಿಸಿ ನಿಂತಿದೀಯ, ಬೇಜಾರಾ?”

ಮತ್ತೆ ಅದೇ. ಚೆಂಡಿಗೆ ಮೊದಲು ಕೋಲು ನೆಲಕ್ಕೆ ಬೀಳುತ್ತಿತ್ತು. ಎರಡು ಬೆರಳಿನಷ್ಟು ಹಿಂದೆ ಇರಬಹುದು. ಮ್ಯಾಟಿನ ಕೆಳಗೆ ಸಿಮೆಂಟು. ಕೋಲು ಅದರ ಮೇಲೆ ಜಾರಿ ಮುಂದೆ ಹೋಗಿ ಚೆಂಡಿಗೆ ತಗಲುತ್ತದೆ, ತಪ್ಪು ಮುಚ್ಚಿಹೋಗುತ್ತದೆ. ಚೆಂಡನ್ನಷ್ಟೇ ನೋಡುವ ಯಂತ್ರಕ್ಕೂ ನನ್ನ ವಿಡಿಯೋಗೂ ಅದು ಸಿಕ್ಕಿರಲಿಲ್ಲ. ನಮ್ಮೂರಿನ ಮೈದಾನವೂ ಬಿಸಿಲಿಗೆ ಒಣಗಿ ಸಿಮೆಂಟಿನಂತೆಯೇ ಇರುತ್ತದೆ. ಆದರೆ ಪರೀಕ್ಷೆಯ ಮೈದಾನಕ್ಕೆ ದಿನವೂ ನೀರು ಹಾಯಿಸುತ್ತಾರೆ. ಆ ಮೆತ್ತನೆ ನೆಲದಲ್ಲಿ ಕೋಲು ಹೂತುಹೋಗುತ್ತದೆ, ಚೆಂಡು ಅರ್ಧ ದಾರಿಯಲ್ಲಿ ಬೀಳುತ್ತದೆ. ಮೊದಲ ಹೊಡೆತಕ್ಕೆ ಚೆಂಡು ಪುಟ್ಟ ಗೂಟದ ಮೇಲೆ ಕೂತಿರುವುದರಿಂದ ಅದು ಮಾತ್ರ ಚೆನ್ನಾಗಿ ಹೋಗುತ್ತದೆ. ಸೋತು ಬಂದಾಗಲೆಲ್ಲ ಅವನು ಹೇಳಿದ್ದು ಇದನ್ನೇ: “ಮೊದಲನೇದು ಚೆನ್ನಾಗಿತ್ತು ಕಣೇ, ಎರಡನೇದು ಸತ್ತುಹೋಯ್ತು.”

“ನೀನು ಚೆಂಡಿಗೆ ಮೊದಲು ನೆಲಕ್ಕೆ ಹೊಡೀತಿದೀಯ,” ಎಂದೆ.

ಅವನು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದ. “ಮತ್ತೆ? ನೆಲ ತಾನೇ ಮೊದಲು.”

“ಹಂಗಂದ್ರೆ?”

“ಅಯ್ಯೋ ಮಾರಾಯ್ತಿ. ಹಾಕಿಯಲ್ಲಿ ಜೋರಾಗಿ ಹೊಡೀಬೇಕಂದ್ರೆ ಕೋಲು ಮೊದಲು ಐಸಿಗೆ ತಾಗಬೇಕು. ಬಿಲ್ಲೆಗೆ ಸ್ವಲ್ಪ ಹಿಂದೆ. ಅಲ್ಲಿ ಕೋಲು ಬೆತ್ತದ ಥರ ಬಾಗುತ್ತೆ, ಆಮೇಲೆ ಅದೇ ಬಿಲ್ಲೇನ ಚಿಮ್ಮಿಸುತ್ತೆ. ಇಷ್ಟು ವರ್ಷ ಗ್ಯಾಲರಿಯಲ್ಲಿ ಕೂತು ಏನು ನೋಡ್ತಿದ್ದೆ ನೀನು?”

ನಾನು ಕೂತಿದ್ದು ನಿಜ. ಅಮ್ಮ ಪ್ರತಿ ಶನಿವಾರ ನನ್ನನ್ನೂ ಕರೆದೊಯ್ಯುತ್ತಿದ್ದಳು. ನಾನು ಕೈಗವಸು ಹಾಕಿಕೊಂಡೇ ಪುಸ್ತಕದ ಹಾಳೆ ತಿರುವುತ್ತಿದ್ದೆ. ಜನ ಕೂಗಿದಾಗ ತಲೆ ಎತ್ತುತ್ತಿದ್ದೆ, ಅಷ್ಟರಲ್ಲಿ ಗೋಲು ಆಗಿಹೋಗಿರುತ್ತಿತ್ತು.

ಅವನದು ಹೆದರಿಕೆಯಲ್ಲ. ಇನ್ನೊಂದು ಆಟದಲ್ಲಿ ಅವನು ಸರಿಯಾಗಿ ಕಲಿತಿದ್ದ ವಿದ್ಯೆ. ಇದನ್ನು ಹೇಳಿದಾಗ ಅವನು, “ಹಂಗಾದ್ರೆ ಹೆದರಿಕೆ ಅಲ್ವಾ?” ಎಂದು ಎರಡೆರಡು ಸಲ ಕೇಳಿದ. ಹೋದ ವರ್ಷದಿಂದ ಊರಿನವರು ಹೇಳಿದ್ದನ್ನು ಅವನೂ ನಂಬಿದ್ದ ಎಂಬುದು ನನಗೆ ಆಗ ಗೊತ್ತಾಯಿತು.

ಪರೀಕ್ಷೆಗೆ ಹೆಚ್ಚು ದಿನ ಉಳಿದಿರಲಿಲ್ಲ. ಮಾರನೆಯ ದಿನ ಅವನನ್ನು ಕೆರೆಯ ದಡಕ್ಕೆ ಕರೆದುಕೊಂಡು ಹೋದೆ. ನೀರಿನ ಮೇಲೆ ಬೂದು ಮಂಜುಗಡ್ಡೆ ಇನ್ನೂ ತೇಲುತ್ತಿತ್ತು, ಆದರೆ ಮರಳು ಸಡಿಲವಾಗಿತ್ತು. ಕೋಲಿನ ಹಿಡಿಯಿಂದ ಒಂದು ಉದ್ದ ಗೆರೆ ಎಳೆದೆ.

“ಚೆಂಡು ಇಲ್ಲ. ಗೆರೆಯೇ ಚೆಂಡು. ಗೆರೆಯ ಮುಂದೆ ಮರಳು ಏಳಬೇಕು.”

ಅವನು ಗೆರೆಯ ಉದ್ದಕ್ಕೂ ಸರಿಯುತ್ತ ಬೀಸಿದ. ಗುಂಡಿಗಳೆಲ್ಲ ಗೆರೆಯ ಹಿಂದೆಯೇ ಬಿದ್ದವು. ಭಾರವನ್ನು ಮುಂದಿನ ಕಾಲಿಗೆ ತರಲು ಹೇಳಿದೆ. ತಂದ, ಕೋಲೂ ಭಾರದ ಜೊತೆ ಇಳಿದು ಹಿಂದೆಯೇ ಅಗೆಯಿತು. ತಲೆ ಅಲ್ಲಾಡಿಸಬೇಡ ಎಂದೆ. ಮೊಣಕೈ ಹೀಗೆ ಎಂದೆ. ಪ್ರತಿ ಮಾತಿಗೂ ಅವನ ಸ್ವಿಂಗ್ ಹದಗೆಡುತ್ತ ಹೋಯಿತು. ಕೊನೆಗೆ ಕೋಲನ್ನು ಮರಳಿಗೆ ಚುಚ್ಚಿ ನಿಲ್ಲಿಸಿದ.

“ಐದು ವರ್ಷದವನಿದ್ದಾಗಿಂದ ಹೊಡೆದಿರೋ ಹೊಡೆತ ಇದು. ಈಗ ಮರೆತುಬಿಡು ಅಂದ್ರೆ ಎಲ್ಲಿಂದ ಮರೀಲಿ? ಆ ರೆಜೈನಾದವನಿಗೆ ಫೋನ್ ಮಾಡಿ ಬಾಪ್ಪ ಅಂದುಬಿಡ್ತೀನಿ.”

ಅವನು ಮರದ ದಿಮ್ಮಿಯ ಮೇಲೆ ಕೂತು ಜೇಬಿನಿಂದ ಸೂರ್ಯಕಾಂತಿ ಬೀಜ ತೆಗೆದು ಬಾಯಿಗೆ ಹಾಕಿಕೊಂಡ. ಸಿಪ್ಪೆಯನ್ನು ಮರಳಿಗೆ ಉಗುಳತೊಡಗಿದ. ನಾನು ಮರಳಿನ ಗುಂಡಿಗಳನ್ನೇ ನೋಡುತ್ತ ಕೂತೆ. ಎಲ್ಲವೂ ಗೆರೆಯಿಂದ ಒಂದೇ ದೂರದಲ್ಲಿದ್ದವು. ಅಳತೆಪಟ್ಟಿ ಇಟ್ಟು ಅಗೆದಂತೆ. ಇಷ್ಟು ನಿಖರವಾಗಿ ತಪ್ಪು ಮಾಡುವವನಿಗೆ ತಪ್ಪನ್ನು ಬಿಡಿಸುವುದು ಯಾಕೆ ಎಂದು ಆಗ ಅನ್ನಿಸಿತು.

ಎದ್ದು ಒಂದು ಕಪ್ಪು ಚಪ್ಪಟೆ ಕಲ್ಲನ್ನು ಹುಡುಕಿ, ಗೆರೆಯಿಂದ ನಾಲ್ಕು ಬೆರಳು ಮುಂದೆ ಇಟ್ಟೆ.

“ಇದು ನಿನ್ನ ಬಿಲ್ಲೆ. ಗೋಲ್ ಆ ಮಂಜುಗಡ್ಡೆ. ಹಾಕಿಯಲ್ಲಿ ಹೆಂಗೆ ಹೊಡೀತಿದ್ದೆಯೋ ಹಂಗೇ ಹೊಡಿ.”

“ಗೆರೆ?”

“ಗೆರೆ ಮರೆತುಬಿಡು. ಅದು ಇಲ್ಲ.”

ಅವನು ಎದ್ದು ಬಂದ. ಕಲ್ಲನ್ನು ನೋಡಿದ, ನನ್ನನ್ನು ನೋಡಿದ, ಉಳಿದ ಸಿಪ್ಪೆಯನ್ನು ಉಗುಳಿದ. ಬೀಸಿದ. ಮರಳು ಗೆರೆಯಿಂದ ಎರಡು ಬೆರಳು ಮುಂದೆ ಎದ್ದಿತು. ಕಲ್ಲು ನೀರಿಗೆ ಹಾರಿತು.

“ಕೋಲು ಹಾಳಾಯ್ತಲ್ಲೇ!” ಎಂದ. ಆದರೆ ಇನ್ನೊಂದು ಕಲ್ಲನ್ನು ಅವನೇ ಹುಡುಕುತ್ತಿದ್ದ.

ಆಮೇಲೆ ಕಲ್ಲಿನ ಬದಲು ಎಲೆ ಇಟ್ಟೆವು, ಎಲೆ ತೆಗೆದು ಗೆರೆಯ ಮೇಲೆ ನಿಜವಾದ ಚೆಂಡು ಇಟ್ಟೆವು. ಚೆಂಡಿನ ಮುಂದೆ ಬಿಲ್ಲೆ ಇದೆಯೆಂದು ಅವನೇ ನೆನೆಯಬೇಕು. ನೆನೆದರೆ ಚೆಂಡು ತಾನಾಗಿ ದಾರಿಯಲ್ಲಿ ಸಿಗುತ್ತಿತ್ತು. ನೆನೆಯದಿದ್ದರೆ ಮತ್ತೆ ಹಳೆಯದೇ. ಉಳಿದ ದಿನಗಳಲ್ಲಿ ನಾನು ಬೇರೆ ಪಾಠ ಹೇಳಲಿಲ್ಲ. ಲ್ಯಾಪ್‌ಟಾಪ್ ಮನೆಯಲ್ಲೇ ಇತ್ತು.

ಪರೀಕ್ಷೆಯ ದಿನ ಗಾಳಿ ಜೋರಾಗಿತ್ತು. ಆಡುವವರ ಜೊತೆ ಹೊರಗಿನವರು ಮಾತಾಡುವಂತಿಲ್ಲ, ನಾನು ದೂರದ ಬೇಲಿಯ ಪಕ್ಕ ನಡೆಯುತ್ತಿದ್ದೆ. ಬೆಳಗಿನ ಸುತ್ತಿನಲ್ಲಿ ಅವನು ಚೆನ್ನಾಗಿಯೇ ಆಡಿದ. ಮಧ್ಯಾಹ್ನ ಮೊಣಕಾಲು ನೋಯತೊಡಗಿತು, ಕುಂಟುವುದು ಕಾಣುತ್ತಿತ್ತು. ಎರಡು ಕಡೆ ಕೋಲು ಮಣ್ಣಿನಲ್ಲಿ ಹೂತಿತು. ಬೆಳಿಗ್ಗೆ ಉಳಿಸಿದ್ದ ಹೊಡೆತಗಳೆಲ್ಲ ಅಲ್ಲಿ ಖರ್ಚಾದವು. ಕೊನೆಯ ಕುಳಿಗೆ ಬರುವಾಗ ಅವನಿಗೆ ಉಳಿದಿದ್ದು ಐದೇ ಹೊಡೆತ, ಮಧ್ಯೆ ಒಂದು ಜೌಗು.

ಮೊದಲನೆಯದು ನೇರ ಹೋಯಿತು. ಎರಡನೆಯದಕ್ಕೆ ಅವನು ಚೆಂಡಿನ ಪಕ್ಕ ಬಹಳ ಹೊತ್ತು ನಿಂತ. ಚೆಂಡಿನ ಮುಂದಿನ ಹುಲ್ಲನ್ನು ನೋಡುತ್ತಿದ್ದ. ಅವನ ಜೊತೆಯವರು ಗಡಿಯಾರ ನೋಡಿದರು. ನನಗೆ ಕೂಗಬೇಕೆನ್ನಿಸಿತು. ಏನೆಂದು ಕೂಗುವುದು ಎಂದು ಹೊಳೆಯಲಿಲ್ಲ. ಅವನು ಬೀಸಿದಾಗ ಚೆಂಡು ಎದ್ದದ್ದು ಕಂಡಿತು, ಜೌಗಿನ ಆಚೆ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ತುತ್ತತುದಿಯಲ್ಲಿ ಬಿದ್ದಿತು. ಅವನು ಚೆಂಡನ್ನು ನೋಡಲೇ ಇಲ್ಲ. ಬಗ್ಗಿ ನೆಲದಲ್ಲಿ ಎದ್ದ ಮಣ್ಣನ್ನು ನೋಡುತ್ತಿದ್ದ.

ಆಮೇಲೆ ಒಂದು ಸಲ ಉರುಳಿಸಿದ, ಕುಳಿ ದಾಟಿ ಹೋಯಿತು. ಇನ್ನೊಂದು ಸಲ ಉರುಳಿಸಿದ, ಒಂದು ಮೊಳ ಮೊದಲೇ ನಿಂತಿತು. ಮೂರನೆಯದು ಕುಳಿಯ ಅಂಚಿನಲ್ಲಿ ಸುತ್ತಿ ಒಳಗೆ ಬಿತ್ತು.

ಮೇಜಿನ ಹಿಂದೆ ಕೂತಿದ್ದ ಹೆಂಗಸು ತುಟಿ ಆಡಿಸುತ್ತ ಕೂಡಿದಳು, ಮತ್ತೊಮ್ಮೆ ಕೂಡಿದಳು. ಸರಿಯಾಗಿ ಗಡಿಯ ಮೇಲೆ ಬಂದಿತ್ತು. ಅಷ್ಟಾದರೆ ಸಾಕು.

“ಪಾಸು,” ಎಂದು ಅವನ ಕೈ ಕುಲುಕಿದಳು.

ಕಾರಿನ ಹತ್ತಿರ ಬಂದ ಮೇಲೆ ಕೇಳಿದೆ: “ಅಷ್ಟು ಹತ್ತಿರದಿಂದ ಮೂರು ಸಲ ಉರುಳಿಸ್ತಾರೇನೋ? ನನ್ನ ಜೀವ ಹೋಗಿತ್ತು.”

“ಅದನ್ನ ನೀನು ಹೇಳ್ಕೊಟ್ಟಿರಲಿಲ್ಲ.”

ಫ್ರೀಸನ್ ಅಮ್ಮನಿಗೆ ಅವನೇ ಫೋನ್ ಮಾಡಿದ. ಆ ಕಡೆಯ ಧ್ವನಿ ನನಗೂ ಕೇಳಿಸುವಷ್ಟು ದೊಡ್ಡದಾಗಿತ್ತು.

“ಒಳ್ಳೇದಾಯ್ತಪ್ಪ. ಸೋಮವಾರ ಎಂಟು ಗಂಟೆಗೆ ಹೆಂಗಸರ ಗುಂಪಿಗೆ ಮೊದಲನೇ ಪಾಠ. ನಾನೂ ಬರ್ತೀನಿ. ತಡ ಮಾಡಿದ್ರೆ ನೋಡು!”

ಅವನು ಫೋನ್ ಇಟ್ಟು, ಕೀಲಿ ತಿರುಗಿಸದೆ ಸ್ಟೀರಿಂಗ್ ಹಿಡಿದು ಕೂತ. ಬೆಳಗಿನಿಂದ ಅವನ ಮುಖದಲ್ಲಿ ಕಾಣದಿದ್ದ ಹೆದರಿಕೆ ಈಗ ಕಂಡಿತು.

“ಹಾಲ್ಯ, ಅವರಿಗೆ ಎಲ್ಲಿಂದ ಶುರು ಮಾಡಲಿ?”

“ನಿನಗೇ ಗೊತ್ತಿರಬೇಕು. ಕೋಚ್ ನೀನು.”

ಅವನು ಕೀಲಿ ತಿರುಗಿಸಿದ.

“ಮೊದಲು ಒಬ್ಬೊಬ್ಬರನ್ನೂ ಕೇಳ್ತೀನಿ,” ಎಂದ. “ಇದಕ್ಕೆ ಮುಂಚೆ ಏನೇನು ಆಡಿದೀರಿ ಅಂತ.”

ಕಾರು ಹೊರಟಿತು.