ಆಮೆನ್‌ಗೆ ಮುಂಚಿನ ಹನ್ನೊಂದು ನಿಮಿಷ

ನಮ್ಮ ಚರ್ಚಿನ ಸಭೆಯಲ್ಲಿ ನನಗೆ ‘ನಲವತ್ತು ನಿಮಿಷ’ ಎಂದು ಅಡ್ಡಹೆಸರು. ನಾನು ಪ್ರಾರ್ಥನೆಗೆ ಮೊಣಕಾಲೂರಿದರೆ ಏಳುವುದು ನಲವತ್ತು ನಿಮಿಷಕ್ಕೇ. ಕೈಗಡಿಯಾರ ರಿಪೇರಿ ಮಾಡುವವನು ನಾನು, ಹೊತ್ತಿನ ಲೆಕ್ಕ ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಪಾದ್ರಿಗಳು ಏಳು ನಿಮಿಷಕ್ಕೆಲ್ಲ ಆಮೆನ್ ಎಂದುಬಿಟ್ಟರೆ, ಇವರಿಗೇನು ಬಸ್ಸು ತಪ್ಪುತ್ತದೆಯೇ ಎಂದು ಒಳಗೊಳಗೇ ನಗುತ್ತಿದ್ದೆ. ಅಡ್ಡಹೆಸರು ಕಿವಿಗೆ ಬಿದ್ದರೆ ಮುಖ ಸಿಂಡರಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಹಿಗ್ಗುತ್ತಿದ್ದೆ.

ಮನೆಯಲ್ಲಿ ಒಂದೇ ಕಟ್ಟುನಿಟ್ಟು: ನಾನು ಪ್ರಾರ್ಥನೆಯಲ್ಲಿದ್ದಾಗ ಯಾರೂ ಮಾತಾಡಿಸಕೂಡದು. ಒಮ್ಮೆ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, ನಲ್ಲಿ ಮುರಿದು ಅಡುಗೆಮನೆಯೆಲ್ಲ ನೀರಾಗುತ್ತಿದೆ ಎಂದು ಕರೆದಿದ್ದಳು. ದೇವರ ಜೊತೆ ಮಾತಾಡುವಾಗ ನಲ್ಲಿಯ ಸುದ್ದಿ ತರುತ್ತೀಯಾ ಎಂದು ಹಾರಾಡಿದ್ದೆ, ಮೂರು ದಿನ ಮಾತು ಬಿಟ್ಟಿದ್ದೆ. ಆಮೇಲಿನ ಇಪ್ಪತ್ತೆರಡು ವರ್ಷ ಆ ಹೊತ್ತಿನಲ್ಲಿ ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಒಳಕೋಣೆಯಲ್ಲಿ ಪ್ರಾರ್ಥನೆ ಮುಗಿಯುತ್ತ ಬಂದಿತ್ತು. ಇನ್ನೇನು ಆಮೆನ್ ಎನ್ನಬೇಕು, ಬೆನ್ನ ಹಿಂದೆ ಚಪ್ಪಲಿಯ ಸದ್ದು ಬಾಗಿಲವರೆಗೆ ಬಂದು ನಿಂತಿತು. ಅವಳೇ. ಕೇಳುತ್ತಿದ್ದಾಳೆ, ಕೇಳಲಿ ಎಂದುಕೊಂಡೆ. ಆಮೆನ್ ನುಂಗಿಕೊಂಡು ದನಿ ಏರಿಸಿದೆ. ಹಿಂದಿನ ದಿನ ಅವಳು ನನ್ನ ತಂಗಿಯ ಬಗ್ಗೆ ಆಡಿದ ಒಂದು ಮಾತು ಮನಸ್ಸಿನಲ್ಲೇ ಕೂತಿತ್ತು. ಈ ಮನೆಯಲ್ಲಿ ಗೊಣಗುವ ನಾಲಿಗೆಗೆ ತಾಳ್ಮೆ ಕೊಡು ಕರ್ತನೇ ಎಂದೆ, ಅವಳಿಗೆ ಕೇಳಿಸುವಷ್ಟು ಜೋರಾಗಿ. ನಾನು ಧೂಳು, ನಾನು ಯಾವ ಲೆಕ್ಕ ಎಂದು ಗಂಟಲನ್ನು ಗದ್ಗದ ಮಾಡಿಕೊಂಡೆ. ಅಷ್ಟು ಸೊಗಸಾಗಿ ನಾನು ಎಂದೂ ಪ್ರಾರ್ಥಿಸಿರಲಿಲ್ಲ.

ಆಮೆನ್ ಎಂದು ತಿರುಗಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ನೆಲದ ಮೇಲೆ ಕೂತಿದ್ದಳು. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಕುತ್ತಿಗೆಯೆಲ್ಲ ಬೆವರು. ನರಳುವ ಸದ್ದು ಹೊರಬಾರದಂತೆ ಅಂಗೈಯನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

“ಮುಗೀತಾ?” ಎಂದಳು. “ಎದೆ ತುಂಬಾ ನೋಯ್ತಿದೆ. ನಡುವೆ ಮಾತಾಡಬಾರದು ಅಂತ...”

ಗಡಿಯಾರ ನೋಡಿದೆ, ಹಾಳು ಅಭ್ಯಾಸ. ಐವತ್ತೊಂದು ನಿಮಿಷವಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ನೋವು ಬಂದ ಕೂಡಲೇ ಯಾಕೆ ಕರೆತರಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲವೇ ಎಂದು ಕೇಳಿದರು. ಇದ್ದೆ ಎಂದೆ. ಉಳಿಯುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಎಂದು ಅವರು ಒಳಗೆ ಹೋದರು.

ಸಭೆಯವರು ಬಂದರು. ಕಾರಿಡಾರಿನಲ್ಲಿ ನನ್ನ ಸುತ್ತ ನಿಂತು, ನೀವೇ ಪ್ರಾರ್ಥನೆ ಶುರುಮಾಡಿ, ನಿಮ್ಮ ಹಾಗೆ ಇನ್ಯಾರಿಗೆ ಬರುತ್ತದೆ ಎಂದರು. ಬಾಯಿ ತೆರೆದೆ. ನಲವತ್ತು ನಿಮಿಷದ ಸರಕೆಲ್ಲ ಎಲ್ಲಿ ಹೋಯಿತೋ!

“ನನ್ನ ದನಿಯನ್ನೇ ಕೇಳಿಸಿಕೊಂಡೆ, ಅವಳನ್ನ ಕೇಳಿಸಿಕೊಳ್ಳಲಿಲ್ಲ. ಉಳಿಸು ತಂದೆ,” ಎಂದೆ.

ಅಷ್ಟೇ. ಅದು ಮುಗಿಯಿತೋ ಇಲ್ಲವೋ ತಿಳಿಯದೆ ಅವರು ಮುಖ ಮುಖ ನೋಡಿಕೊಂಡರು. ಪಾದ್ರಿಗಳೊಬ್ಬರೇ ಮೆಲ್ಲಗೆ ಆಮೆನ್ ಎಂದರು.

ಸಂಜೆ ಡಾಕ್ಟರಮ್ಮ ಬಂದು, ಕಂಟಕ ಕಳೆಯಿತು, ಎರಡು ನಿಮಿಷ ನೋಡಿಬನ್ನಿ ಎಂದರು. ಅವಳ ಮೂಗಿಗೆ ನಳಿಕೆ, ಬೆರಳಿಗೆ ಕ್ಲಿಪ್ಪು ಹಾಕಿದ್ದರು. ಎಚ್ಚರವಾಗಿದ್ದಳು, ಉಸಿರಾಡುತ್ತಿದ್ದಳು. ಸಂತೋಷಕ್ಕೋ ನಾಚಿಕೆಗೋ ನಿಂತಲ್ಲೇ ನನ್ನ ಕಣ್ಣು ಮುಚ್ಚಿಕೊಂಡಿತು.

ಕಣ್ಣು ಬಿಟ್ಟಾಗ ಅವಳು ಒಣಗಿದ ತುಟಿ ಬಿಗಿಹಿಡಿದು ನನ್ನನ್ನೇ ನೋಡುತ್ತಿದ್ದಳು. ಏನು ಬೇಕು ಎಂದೆ.

“ನೀರು,” ಎಂದಳು. “ಆಗಲೇ ಕೇಳೋಣ ಅಂತಿದ್ದೆ. ನೀವು ಕಣ್ಣು ಮುಚ್ಚಿದ್ರಿ. ಮುಗೀತಾ?”

ನರ್ಸನ್ನು ಕೇಳಿ ಚಮಚದಲ್ಲಿ ನೀರು ಹಿಡಿದೆ. ಅರ್ಧ ದಿಂಬಿನ ಮೇಲೆ ಚೆಲ್ಲಿತು.

“ಇನ್ಮೇಲೆ ನಡುವೆಯೇ ಕರಿ,” ಎಂದೆ. “ಬೇಕಾದ್ರೆ ಕಿರುಚು.”

ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು. ನಂಬಿದ ಹಾಗೆ ಕಾಣಲಿಲ್ಲ.