ಎಡಗಡೆಯ ಸೀಟು

ಕಡಲಿಗಿಳಿಯುವ ಘಾಟಿಯ ಮೂರನೇ ತಿರುವಿನಲ್ಲೂ ಕ್ಲಚ್ ಮೇಷ್ಟ್ರು ಬ್ರೇಕ್ ತುಳಿದರು. ಅವರು ಕೂತಿದ್ದ ಕಡೆ ಬ್ರೇಕ್ ಎಲ್ಲಿಂದ ಬರಬೇಕು? ಉಳುಕಿದ ಬಲಗಾಲು ನೆಲಕ್ಕೆ ಅಪ್ಪಳಿಸಿ "ಅಯ್ಯಯ್ಯೋ!" ಎಂದು ಚೀರಿದರು.

"ರೀ, ಆ ಕಾಲನ್ನ ಸುಮ್ನೆ ಇಟ್ಕೊಳ್ಳಿ. ಗಾಡಿ ಓಡಿಸ್ತಿರೋದು ನಾನು," ಎಂದಳು ಹೆಂಡತಿ, ರಸ್ತೆಯಿಂದ ಕಣ್ಣು ಕೀಳದೆ.

ಇಪ್ಪತ್ತೆಂಟು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿ ಅರ್ಧ ಊರಿನ ಕೈಗೆ ಸ್ಟೀರಿಂಗ್ ಕೊಟ್ಟವರು ಮೇಷ್ಟ್ರು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಇತ್ತು. ಕಾಲಿಗೆ ಅದೇ ರೂಢಿ. ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. ಕೇಳಿದಾಗಲೆಲ್ಲ "ನಿನಗ್ಯಾಕೆ, ನಾನಿಲ್ವಾ?" ಎಂದು ಮಾತು ತೇಲಿಸುತ್ತಿದ್ದರು. ಮೊನ್ನೆ ಮನೆಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿತು. ಕಡಲ ದಂಡೆಯ ಊರಿನಲ್ಲಿ ಹೆಂಡತಿಯ ಅಕ್ಕ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ತಂಗಿಯ ದಾರಿ ಕಾಯುತ್ತಿದ್ದಳು. "ಈ ಸಲ ಬೇಡ ಬಿಡು," ಎಂದರು ಮೇಷ್ಟ್ರು. ಹೆಂಡತಿ ಹೊಲಿಗೆ ಮಷಿನ್ನಿನ ಡ್ರಾಯರಿನಿಂದ ಲೈಸೆನ್ಸ್ ತೆಗೆದು ಮೇಜಿನ ಮೇಲಿಟ್ಟಳು.

"ಎಲ್ಲಿ ಕಲಿತೆ?"

"ಎದುರಿನ ಸ್ಕೂಲಲ್ಲಿ."

ಎದುರಿನ ಸ್ಕೂಲು ನಡೆಸುವ ಹೆಂಗಸನ್ನು 'ಗೇರ್ ಯಾವ ಕಡೆ ಇದೆ ಅಂತ ಗೊತ್ತಿಲ್ಲದೋಳು' ಎಂದು ಮೇಷ್ಟ್ರು ಊರೆಲ್ಲ ಆಡಿಕೊಂಡಿದ್ದರು. ಮರುದಿನ ಬೆಳಿಗ್ಗೆ ಕಾರಿನ ಕೀಲಿ ಅವಳ ಕೈಗಿಟ್ಟು, ಕುಂಟುತ್ತ ಎಡಗಡೆಯ ಸೀಟಿಗೆ ಹತ್ತಿದರು.

ಏಳನೇ ತಿರುವಿನಲ್ಲಿ ಕೆಳಗಿನಿಂದ ಬಸ್ಸೊಂದು ಏದುಸಿರು ಬಿಡುತ್ತ ಬಂದು ಮೂತಿಗೆ ಮೂತಿ ಕೊಟ್ಟು ನಿಂತಿತು. ಒಂದು ಪಕ್ಕ ಕಾಡು ಹೊತ್ತ ಗುಡ್ಡ, ಇನ್ನೊಂದು ಪಕ್ಕ ತಳ ಕಾಣದ ಕಣಿವೆ. ಇಳಿಯುವವರೇ ಹಿಂದೆ ಸರಿಯಬೇಕು, ಅದೂ ಏರಿನಲ್ಲಿ.

"ಇಳಿ, ನಾನು ತೆಗೀತೀನಿ," ಎಂದರು ಮೇಷ್ಟ್ರು.

"ಯಾವ ಕಾಲಲ್ಲಿ?"

ಅವಳು ರಿವರ್ಸ್ ಹಾಕಿದಳು.

"ಅರ್ಧ ಕ್ಲಚ್... ಬಲಕ್ಕೆ... ಬಲಕ್ಕೆ ಅಂದ್ನಲ್ಲ!"

"ಸ್ವಲ್ಪ ಬಾಯಿ ಮುಚ್ತೀರಾ? ರಿವರ್ಸ್ ತಗೊಳ್ಳುವಾಗ ಪಕ್ಕದಲ್ಲಿ ಕೂತಿರೋ ಗಂಡನ ಮಾತು ಕೇಳ್ಬೇಡಿ ಅಂತ ನಮ್ಮ ಟೀಚರ್ ಹೇಳಿದಾರೆ."

ಮೇಷ್ಟ್ರು ಕಣ್ಣು ಮುಚ್ಚಿದರು. ಕಿವಿ ಮಾತ್ರ ಮುಚ್ಚಲಾಗಲಿಲ್ಲ. ಎಂಜಿನ್ ಒಮ್ಮೆಯೂ ಕೆಮ್ಮಲಿಲ್ಲ, ಚಕ್ರ ಜಾರಲಿಲ್ಲ. ಕಣ್ಣು ಬಿಟ್ಟಾಗ ಕಾರು ಗುಡ್ಡದ ಬದಿಗೆ ಗೆರೆ ಎಳೆದಂತೆ ನಿಂತಿತ್ತು. ಬಸ್ಸು ತೆವಳಿಕೊಂಡು ಪಕ್ಕಕ್ಕೆ ಬಂತು. ಡ್ರೈವರ್ ತಲೆ ಹೊರಹಾಕಿದ.

"ಮೇಷ್ಟ್ರೇ, ನಮಸ್ಕಾರ! ನಿಮ್ಮ ಹತ್ರಾನೇ ಕಲ್ತಿದ್ದು ನಾನು. ಅಮ್ಮಂಗೂ ಭಾರಿ ಚೆನ್ನಾಗಿ ಕಲಿಸಿದೀರಿ ಬಿಡಿ!"

ಒಂದು ಸಲ ತಲೆ ಆಡಿಸಿದ್ದರೆ ಮುಗಿದುಹೋಗುತ್ತಿತ್ತು. ಮೇಷ್ಟ್ರ ಕತ್ತು ಅದಕ್ಕೆ ಹೊರಟೂ ಇತ್ತು. ಹೆಂಡತಿ ಮುಂಗಾಜಿನಲ್ಲೇ ಕಣ್ಣು ನೆಟ್ಟು ಕೂತಿದ್ದಳು. ಅವಳ ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

"ನಾನಲ್ಲಪ್ಪ," ಎಂದರು ಗಂಟಲಲ್ಲೇ.

"ಏನಂದ್ರಿ? ಕೇಳಿಸ್ಲಿಲ್ಲ!"

"ನಾನಲ್ಲ ಕಲಿಸಿದ್ದು! ಎದುರಿನ ಸ್ಕೂಲು!" ಮೇಷ್ಟ್ರ ಕೂಗು ಇಡೀ ಬಸ್ಸಿಗೆ ಕೇಳಿಸಿತು. ಕಿಟಕಿಗಳಲ್ಲಿ ನಗು ಹೊರಟಿತು. ಮೇಷ್ಟ್ರ ಕಿವಿ ಕೆಂಪಾಯಿತು.

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ಗಾಡಿ ಹೊರಡಿಸಿದಳು.

ಇನ್ನೆರಡು ತಿರುವು ಕಳೆದದ್ದೇ ಕಾಡು ಪಕ್ಕಕ್ಕೆ ಸರಿಯಿತು. ಮೇಷ್ಟ್ರು ಬಾಯಿ ತೆರೆದುಕೊಂಡು ನೋಡಿದರು. "ಏನೇ ಇದು, ಸಮುದ್ರ ಇಲ್ಲಿಂದಾನೇ ಕಾಣುತ್ತಾ?"

"ಪ್ರತಿ ವರ್ಷ ಕಾಣುತ್ತೆ. ನೀವು ರಸ್ತೆ ನೋಡ್ತಿರ್ತಿದ್ರಿ. ಈಗ ರಸ್ತೆ ನನ್ನದು. ಹೇಗಿದೆ, ನೀವೇ ಹೇಳಿ."

"ನೀರಿದೆ."

"ನೀರಿರುತ್ತೆ ಅಂತ ನಂಗೂ ಗೊತ್ತು ಕಣ್ರೀ."

ಮೇಷ್ಟ್ರು ಗಾಜು ಇಳಿಸಿ, ಮೊಣಕೈ ಹೊರಗಿಟ್ಟು ಬಗ್ಗಿದರು. "ದಡದ ಹತ್ರ ಹಸಿರು ಬಣ್ಣ ಇದೆ. ಆಚೆ ನೀಲಿ. ಮರಳ ಮೇಲೆ ಯಾರೋ ಇಬ್ರು ಬಲೆ ಝಾಡಿಸ್ತಿದಾರೆ, ನಾವು ಬೆಡ್‌ಶೀಟ್ ಮಡಚೋ ಹಾಗೆ ಆ ತುದಿ ಒಬ್ರು, ಈ ತುದಿ ಒಬ್ರು."

"ಆಮೇಲೆ?"

"ತಾಳು, ನೋಡ್ತಿದೀನಿ," ಎಂದರು ಮೇಷ್ಟ್ರು.