ಬಣ್ಣ ಹಚ್ಚಿದ ಜೋಳ ಬಾಯಿಗಲ್ಲ

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಬಿತ್ತನೆಗೆ ಮುಂಚಿನ ದಿನಗಳಲ್ಲಿ ಯಾರ ಮನೆಯ ಕಣಜ ತುಂಬಿರುತ್ತದೆ ಹೇಳಿ? ನಮ್ಮೂರಿನಲ್ಲಂತೂ ಇಲಿಗಳೂ ಗಂಟುಮೂಟೆ ಕಟ್ಟುವ ಕಾಲ ಅದು. ನಾವು ಗ್ವಾಟೆಮಾಲಾದ ಬೆಟ್ಟಸೀಮೆಯ ಇಶಿಲ್ ಜನ. ಒಳಯುದ್ಧ ಮುಗಿದು ಊರಿಗೆ ಮರಳಿದ ಹೊಸದರಲ್ಲಿ ನಮ್ಮ ಪಾಡು ಇನ್ನೂ ಕೆಟ್ಟದಾಗಿತ್ತು. ಮನೆಗಳ ಜೊತೆಗೆ, ಒಲೆಯ ಮೇಲೆ ಹೊಗೆಗೆ ತೂಗುಹಾಕಿದ್ದ ಬೀಜದ ತೆನೆಗಳೂ ಸುಟ್ಟುಹೋಗಿದ್ದವು.

ಹಾಗಿರುವಾಗ ನೆರವಿನ ಲಾರಿ ಬಂತು. ಬಂದದ್ದು ಮುರಿದ ಸೇತುವೆಯವರೆಗೆ. ಅಲ್ಲಿಂದ ಮೇಲಕ್ಕೆ ನಮ್ಮೂರಿನ ಸಾಮಾನು ಸಾಗಿಸುವ ಗಾಸ್ಪರನ ಹೇಸರಗತ್ತೆಗಳೇ ಗತಿ. ಮನೆಗೆ ಎರಡು ಚೀಲ ಮೆಕ್ಕೆಜೋಳ. ಒಂದು ತಿನ್ನಲು, ಒಂದು ಬಿತ್ತಲು. ಲಾರಿಯವರು ಸ್ಪ್ಯಾನಿಷ್ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಗಾಸ್ಪರ್ ತಲೆಯಾಡಿಸಿದ. ಅವನಿಗೆ ಆ ಭಾಷೆಯಲ್ಲಿ ಬರುವುದು ಬೈಗುಳ ಮಾತ್ರ.

ಪುಕ್ಕಟೆ ಎಂದರೆ ನಮಗೆ ಭಯ. ಯುದ್ಧದಲ್ಲಿ ಸೈನ್ಯದವರು ಒಂದು ಕೈಯಲ್ಲಿ ಕಾಳು ಕೊಟ್ಟರು, ಇನ್ನೊಂದು ಕೈಯಲ್ಲಿ ಬಂದೂಕು ಕೊಟ್ಟು ಗಂಡಸರನ್ನು ಗಸ್ತಿಗೆ ಎಳೆದುಕೊಂಡು ಹೋದರು. ಪಕ್ಕದ ಮನೆಯ ಗ್ರೆಗೋರಿಯಾಳ ಗಂಡ ಹಾಗೆ ಹೋದವನು ಇವತ್ತಿಗೂ ಬಂದಿಲ್ಲ.

ಈ ಗ್ರೆಗೋರಿಯಾಳ ಅನುಮಾನ ಊರಿಗೇ ಹೆಸರುವಾಸಿ. ಮೋಡ ಕವಿದರೂ ಯಾರು ಕಳಿಸಿದ್ದು ಎಂದು ಕೇಳುವವಳು. ಅವಳ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಹೊರಗಿನಿಂದ ಬಂದದ್ದನ್ನು ಮೊದಲು ಅವಳು ತಿನ್ನಬೇಕು. ಸೊಸೆ ಸೆಬಾಸ್ತಿಯಾನಾ ಮತ್ತು ಪುಟ್ಟ ಮೊಮ್ಮಗಳು ತೋಮಸಾ ಕಾದು ಕೂರಬೇಕು. ಅವಳಿಗೆ ಏನೂ ಆಗದಿದ್ದರೆ ಅವರಿಗೆ ಊಟ. ನಗಬೇಡಿ, ಯುದ್ಧ ಕಲಿಸಿದ ಬುದ್ಧಿ ಅದು.

ತಿನ್ನಲು ಕೊಟ್ಟ ಚೀಲದ ಬಿಳಿ ಜೋಳವನ್ನು ಹೀಗೆಯೇ ಪರೀಕ್ಷೆ ಮಾಡಿ ತಿಂದರು. ಅದು ಬೇಗ ಮುಗಿಯಿತು. ಒಂದು ಸಂಜೆ ಎರಡನೆಯ ಚೀಲ ಬಿಚ್ಚಿದರು. ನಾನು ಕೆಂಡ ಕೇಳಲು ಹೋಗಿದ್ದೆ.

“ಅತ್ತೆ, ಇಲ್ನೋಡಿ, ಕೆಂಪಗಿದೆ ಜೋಳ,” ಎಂದಳು ಸೆಬಾಸ್ತಿಯಾನಾ.

“ಹುಳ ಹಿಡಿದ ಹಳೇ ಜೋಳಕ್ಕೆ ಬಣ್ಣ ಬಳ್ದಿದಾರೆ. ಬಡವರ ಕಣ್ಣಿಗೆ ಮಣ್ಣೆರಚೋಕೆ ಅಷ್ಟು ಸಾಕಲ್ಲ.”

“ಬಿತ್ತೋಕೆ ಅಂತ ಕೊಟ್ಟಿದ್ದಲ್ವಾ?”

“ಬಿತ್ತೋ ಜೋಳ ಬೇರೆ, ತಿನ್ನೋ ಜೋಳ ಬೇರೆ ಅಂತ ನಿಮ್ಮಮ್ಮ ಹೇಳ್ಕೊಟ್ಳಾ? ಅರ್ಧ ತಿನ್ನೋಣ, ಅರ್ಧ ಬಿತ್ತೋಣ. ಸುಣ್ಣ ಒಂದ್ಹಿಡಿ ಜಾಸ್ತಿ ಹಾಕು. ಸುಣ್ಣದಲ್ಲಿ ಬೆಂದ್ರೆ ಎಂಥಾ ಕೊಳೆನೂ ಬಿಟ್ಕೊಳುತ್ತೆ.”

ಊರಲ್ಲಿ ಯಾರನ್ನು ಕೇಳಿದ್ದರೂ ಇದನ್ನೇ ಹೇಳುತ್ತಿದ್ದರು. ನಮ್ಮಲ್ಲಿ ಬೀಜ ಎಂದರೆ ಅದೇ ಹೊಲದ ಚೆಂದದ ತೆನೆ. ಹಸಿವು ಹೆಚ್ಚಾದರೆ ಅದನ್ನೇ ಇಳಿಸಿ ತಿನ್ನುತ್ತೇವೆ. ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ತೊಳೆದು ಅರೆದರೇ ನಮಗೆ ರೊಟ್ಟಿ.

ಬೆಳಿಗ್ಗೆ ಸೆಬಾಸ್ತಿಯಾನಾ ಜೋಳ ತೊಳೆದಳು. ಕೆಂಪು ನೀರು ಕಾಲುವೆಗೆ ಬಿದ್ದು ಕೆಳಗಿನಹಳ್ಳಿಗೆ ಹರಿಯಿತು. ಅಲ್ಲಿ ಆರೋಗ್ಯ ಕಾರ್ಯಕರ್ತೆ ಕಾಂದೆಲಾರಿಯಾ ಕೊಡ ತುಂಬಿಸುತ್ತಿದ್ದಳು. ಕೊಡವನ್ನು ಅಲ್ಲೇ ಬಿಟ್ಟು ಗುಡ್ಡ ಹತ್ತಿದಳು. ಏದುಸಿರು ಬಿಡುತ್ತಾ ಅವಳು ಒಳಗೆ ಬಂದಾಗ ಕಾವಲಿಯ ಮೇಲೆ ರೊಟ್ಟಿ ಉಬ್ಬುತ್ತಿತ್ತು. ತೋಮಸಾ ಕೈ ಚಾಚಿ ಕೂತಿದ್ದಳು. ಗದ್ದಲ ಕೇಳಿ ನಾನೂ ಓಡಿದೆ.

“ಮಗೂಗೆ ಕೊಡ್ಬೇಡಿ! ಅದು ತಿನ್ನೋ ಜೋಳ ಅಲ್ಲ!”

ಗ್ರೆಗೋರಿಯಾ ತಿರುಗಿಯೂ ನೋಡಲಿಲ್ಲ. “ಯಾರು ಕಳ್ಸಿದ್ರು ನಿನ್ನ?”

“ಕಾಲುವೆ ನೀರು ಕಳ್ಸ್ತು ಗ್ರೆಗೋರಿಯಕ್ಕ. ಕೆಂಪಗೆ ಹರೀತಿದೆ.”

“ಯುದ್ಧ ಬಂದಾಗ ಮೆಕ್ಸಿಕೋಗೆ ಓಡ್ಹೋದೋಳು ನೀನು. ಶಿಬಿರದಲ್ಲಿ ಕೂತು ಅವ್ರಿವ್ರು ಕೊಟ್ಟಿದ್ದು ತಿಂದೋಳು. ಈಗ ನಮಗೆ ತಿನ್ಬೇಡಿ ಅಂತ ಬುದ್ಧಿ ಹೇಳೋಕ್ಬಂದ್ಯಾ?”

“ಓಡ್ದೆ, ಹೌದು. ಮಕ್ಕಳನ್ನ ಎತ್ಕೊಂಡು ಓಡ್ದೆ. ಅದಕ್ಕೆ ಆಮೇಲೆ ಬೈಯಿ. ಆ ಬಣ್ಣ ಔಷಧಿ ಅಕ್ಕ. ಮಣ್ಣಲ್ಲಿ ಹುಳ ಹಿಡೀಬಾರ್ದು ಅಂತ ಬೀಜಕ್ಕೆ ಸವರ್ತಾರೆ. ಹುಳ ಸಾಯೋ ಅಂಥದ್ದು ಮನುಷ್ಯರನ್ನ ಬಿಡುತ್ತಾ?”

“ತೊಳ್ದಿದೀವಿ. ಸುಣ್ಣ ಹಾಕಿದೀವಿ.”

“ಸುಣ್ಣ ಸಿಪ್ಪೆ ಬಿಡ್ಸುತ್ತೆ, ವಿಷ ಬಿಡ್ಸಲ್ಲ.”

“ವಿಷ ಅಂತ ಗೊತ್ತಿದ್ರೆ ಹೇಳ್ದೇ ಕೊಡ್ತಾರಾ? ಅಂದ್ರೆ ನಾನು ಅಂದ್ಕೊಂಡಿದ್ದೇ ಸರಿ. ನಮ್ಮನ್ನ ಸಾಯಿಸೋಕೇ ಬಂದಿದಾರೆ.”

“ಹೇಳಿದಾರೆ ಅಕ್ಕ. ಚೀಲದ ಮೇಲೆ ತಲೆಬುರುಡೆ ಚಿತ್ರ ಬರ್ದಿದ್ರು. ಲಾರಿಯಿಂದ ನೇರವಾಗಿ ಕೆಳಗಿನಹಳ್ಳಿಗೆ ಬಂದ ಬೀಜದ ಚೀಲದ ಮೇಲೆಲ್ಲಾ ಇತ್ತು. ನಿಮ್ಮ ಚೀಲ ತೋರ್ಸು.”

ಸೆಬಾಸ್ತಿಯಾನಾ ಚೀಲ ತಂದಳು. ಬರಿಯ ಗೋಣಿ. ಚಿತ್ರವೂ ಇಲ್ಲ, ಅಕ್ಷರವೂ ಇಲ್ಲ.

“ಎಲ್ಲಮ್ಮಾ ಬುರುಡೆ?” ಎಂದಳು ಗ್ರೆಗೋರಿಯಾ. “ನೀನೇ ಬುರುಡೆ ಬಿಡ್ತಿದೀಯ. ಸೆಬಾಸ್ತಿಯಾನಾ, ರೊಟ್ಟಿ ಸೀದೋಗ್ತಿದೆ, ತಿರುವಿ ಹಾಕು.”

ಕಾಂದೆಲಾರಿಯಾ ಕಾವಲಿಗೆ ಅಡ್ಡ ನಿಂತಳು. “ನನ್ನ ನಂಬಬೇಡ. ಗಾಸ್ಪರ್ ನಿನ್ನ ತಂಗಿ ಮಗ ತಾನೇ? ಚೀಲ ತಂದೋನು ಅವನೇ. ಅವನನ್ನ ಕೇಳು.”

ನಾನೇ ಓಡಿಹೋಗಿ ಗಾಸ್ಪರನನ್ನು ಕರೆತಂದೆ. ಅವನು ಕಾವಲಿ ನೋಡಿದ, ಮಗುವನ್ನು ನೋಡಿದ.

“ದೊಡ್ಡಮ್ಮ, ಚಿತ್ರ ಇತ್ತು. ಸೈನಿಕರ ಟೋಪಿ ಮೇಲೆ ಇರ್ತಿತ್ತಲ್ಲ, ಅದೇ ಥರ ಬುರುಡೆ. ಅದನ್ನ ಹೊತ್ಕೊಂಡ್ಬಂದ್ರೆ ನೀವೆಲ್ಲ ಬಾಗಿಲು ಹಾಕ್ಕೋತೀರ, ಬಿತ್ತೋಕೆ ಬೀಜಾನೇ ಇರಲ್ಲ ಅಂತ ಹೊಳೆ ಹತ್ರ ಬೇರೆ ಗೋಣಿಗೆ ಸುರ್ದೆ. ಆ ಚೀಲಗಳನ್ನ ನೀರಿಗೆ ಬಿಟ್ಟೆ. ನಿಮ್ಮ ಒಳ್ಳೇದಕ್ಕೇ ಮಾಡ್ದೆ ದೊಡ್ಡಮ್ಮ.”

ತನ್ನ ಮರ್ಯಾದೆ ತಾನೇ ಕಳೆದುಕೊಳ್ಳುವ ಸುಳ್ಳನ್ನು ಯಾರು ಹೇಳುತ್ತಾರೆ? ಗ್ರೆಗೋರಿಯಾ ಬರಿಗೈಯಲ್ಲೇ ಕಾವಲಿಯ ರೊಟ್ಟಿಗಳನ್ನು ನೆಲಕ್ಕೆ ಕೆಡವಿದಳು.

“ಸೆಬಾಸ್ತಿಯಾನಾ, ಮಗೂನ ಹೊರಗೆ ಕರ್ಕೊಂಡ್ಹೋಗು.” ಅವರು ಹೋದ ಮೇಲೆ ದನಿ ತಗ್ಗಿಸಿದಳು. “ಕಾಂದೆಲಾರಿಯಾ, ನಾನು ತಿಂದಾಗಿದೆ. ನೀನು ಬರೋಕೆ ಮುಂಚೇನೇ.”

ಕಾಂದೆಲಾರಿಯಾ ಒಂದು ಮಾತೂ ಬೈಯಲಿಲ್ಲ. ಅದಕ್ಕೇ ಅವಳೆಂದರೆ ನನಗೆ ಇಷ್ಟ.

“ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡ್ಬೇಡ ಅಕ್ಕ, ಇನ್ನೂ ಕೆಟ್ಟದಾಗುತ್ತೆ. ಗಾಸ್ಪರ್, ಬೆನ್ನಿಗೆ ಕುರ್ಚಿ ಕಟ್ಕೋ, ಅಕ್ಕನ್ನ ಅದರಲ್ಲಿ ಕೂರ್ಸಿ ಆಸ್ಪತ್ರೆಗೆ ಹೊತ್ಕೊಂಡ್ಹೋಗು. ಆ ಕಾಳು ಒಂದಿಷ್ಟು ಪ್ಲಾಸ್ಟಿಕ್ಕಲ್ಲಿ ಕಟ್ಟಿ. ಯಾವ ಔಷಧಿ ಅಂತ ಡಾಕ್ಟರಿಗೆ ಗೊತ್ತಾಗ್ಬೇಕು.”

ಗಾಸ್ಪರ್ ಹೊರೆ ಹೊರುವ ಪಟ್ಟಿಯನ್ನು ಹಣೆಗೆ ಬಿಗಿದು ದೊಡ್ಡಮ್ಮನನ್ನು ಹೊತ್ತು ಗುಡ್ಡ ಇಳಿದ. ದಾರಿಯಲ್ಲಿ ಅವಳಿಗೆ ವಾಂತಿ ಹಿಡಿಯಿತು, ಕೈಕಾಲು ನಡುಗಿದವು. ಆದರೂ “ಈ ದಾರಿ ಆಸ್ಪತ್ರೆಗೇ ತಾನೇ ಹೋಗೋದು?” ಎಂದು ತಿರುವು ತಿರುವಿಗೂ ಕೇಳಿದಳಂತೆ. ಇತ್ತ ನಾವು ಮನೆಮನೆಗೆ ಹೋಗಿ ಕೆಂಪು ಜೋಳದ ಮಡಕೆಗಳನ್ನು ಒಲೆಯಿಂದ ಇಳಿಸಿದೆವು. ಇನ್ನೂ ಮೂರು ಮನೆಯಲ್ಲಿ ಬೇಯುತ್ತಿತ್ತು.

ಗ್ರೆಗೋರಿಯಾ ಬದುಕಿ ಬಂದಳು. ಉಳಿದ ಬೀಜಕ್ಕೆ ನಮ್ಮ ಪದ್ಧತಿಯಂತೆ ಮೋಂಬತ್ತಿ ಹಚ್ಚಿ, ಧೂಪ ಹಾಕಿ, ಕೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಿತ್ತಿದಳು. ಬಿತ್ತಿದ ಮೇಲೆ ಸೋಪು ಹಾಕಿ ತಿಕ್ಕಿ ಕೈ ತೊಳೆದಳು. ಪೈರು ಚೆನ್ನಾಗಿಯೇ ಎದ್ದಿತು.

ಮುಂದಿನ ಸಲ ಲಾರಿ ಬಂದಾಗ ಸೇತುವೆಯ ಬಾಯಲ್ಲಿ ಅವಳೇ ನಿಂತಿದ್ದಳು. ಅವಳ ಮಾತನ್ನು ಕಾಂದೆಲಾರಿಯಾ ನೆರವಿನ ಅಧಿಕಾರಿಗೆ ಸ್ಪ್ಯಾನಿಷ್‌ನಲ್ಲಿ ಹೇಳಿದಳು.

“ಸ್ವಾಮಿ, ನಾನಿನ್ನೂ ನಿಮ್ಮನ್ನ ನಂಬಿಲ್ಲ. ಅದಕ್ಕೇ ಕೇಳ್ತಿದೀನಿ. ಬುರುಡೆ ಬರೀಬೇಡಿ. ನಮಗೆ ಬುರುಡೆ ಅಂದ್ರೆ ಸೈನಿಕರು. ರೊಟ್ಟಿ ಬರ್ದು ಅದರ ಮೇಲೆ ಅಡ್ಡಗೀಟು ಎಳೀರಿ. ನಮ್ಮ ಮಾತು ಬಲ್ಲೋರನ್ನ ಜೊತೇಲಿ ತನ್ನಿ. ಅಲ್ಲೀತನಕ ಒಂದು ಚೀಲಾನೂ ಮೇಲೆ ಹತ್ತಲ್ಲ.”

ಅಧಿಕಾರಿ ಕುಂಚ ತರಿಸಿ ಬರೆದ. ಗ್ರೆಗೋರಿಯಾ ಬಗ್ಗಿ ನೋಡಿದಳು. “ಇದು ರೊಟ್ಟೀನಾ? ಹುಣ್ಣಿಮೆ ಚಂದ್ರ ಇದ್ದಂಗಿದೆ. ಪಕ್ಕದಲ್ಲಿ ಒಂದು ಬಾಯಿನೂ ಬರೀರಿ.” ಅವನು ಬಾಯಿಯನ್ನೂ ಬರೆದ. ಆಮೇಲೆ ಅವಳು ದಾರಿ ಬಿಟ್ಟಳು.

ಕೇಳುತ್ತಿರುವವರೇ, ಅನುಮಾನ ಬಿಡಿ ಎಂದು ನಾನು ಹೇಳುವುದಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಿ. ಆದರೆ ನಿಮ್ಮ ಹೊಟ್ಟೆಯಲ್ಲಿ ಪ್ರಮಾಣಿಸಬೇಡಿ. ಬಣ್ಣ ಹಚ್ಚಿದ ಬೀಜವನ್ನು ತೊಳೆದರೂ, ಬೇಯಿಸಿದರೂ, ಸುಣ್ಣ ಹಾಕಿದರೂ ತಿನ್ನಬಾರದು. ಕೋಳಿಗೂ ಹಾಕಬಾರದು. ಚೀಲದ ಗುರುತು ಹೆದರಿಸುವಂತಿದ್ದರೂ ಚೀಲ ಬದಲಿಸಬೇಡಿ. ಯಾರಾದರೂ ತಿಂದುಬಿಟ್ಟಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ, ಅದೇ ಕಾಳಿನ ಸಮೇತ ಆಸ್ಪತ್ರೆಗೆ ಹೊತ್ತುಕೊಂಡು ಓಡಿ. ಚೀಲ ತಂದವರು ಎಷ್ಟೇ ದೊಡ್ಡವರಾಗಿರಲಿ, ಎಲ್ಲರ ಎದುರು ನಿಲ್ಲಿಸಿ ಕೇಳಿ: ಇದು ಹೊಟ್ಟೆಗೋ, ಹೊಲಕ್ಕೋ? ಉತ್ತರ ನಿಮ್ಮ ಮಾತಿನಲ್ಲಿ, ನಿಮಗೆ ತಿಳಿಯುವ ಹಾಗೆ ಬರುವವರೆಗೆ ಒಲೆ ಹಚ್ಚಬೇಡಿ.